ಉಪ್ಪಿನ ಮಾವು

ಬೇಸಿಗಿ ನಡುವ, ಹೊತ್ತು ಮೂಡುವ ಮೊದಲು, ಮಗ ಶಿವಲಿಂಗ ಬೆಳಗಾವಿಯಿಂದ ಟೆಂಪೋ ತಂದು ಗುಂಜಿಯ ನಮ್ಮ ಹಂದಿ ದೊಡ್ಡಿಯ ಮುಂದ ನಿಲ್ಲಿಸಿದ. ಅಲ್ಲೀತನಕ ಪ್ಯಾಟಿಯೊಳಗ ಉಳಿದ ಗೆಣಸು ಬೇಯಿಸಿ ಹಾಕುತ್ತಿದ್ದೆವು. ಗೆಣಸು ಮುಗಿದಿತ್ತು. ಈಗ ಬಂದದ್ದು ಉಪ್ಪಿನಕಾಯಿ ಮಾಡುವವರು ಬ್ಯಾಡಂತ ತೆಗೆದ ಮಾವಿನ ಹೋಳು, ಡ್ರಮ್ಮಿನ ಉಪ್ಪುನೀರಿನಾಗ ನೆನೆದದ್ದು.

“ಹಂದಿಗಿ ಉಪ್ಪಿನಕಾಯಿ ತಂದೀರಿ, ಇನ್ನ ರೊಟ್ಟಿ ಬಡಿಯೂದೊಂದ ಬಾಕಿ,” ಅಂತ ಸೊಸಿ ಸಂಗವ್ವ ನಕ್ಕಳು. ಒಂಬತ್ತೂ ಹೆಣ್ಣುಹಂದಿ ಆಕೀ ಕೈಯಾಗ ಬೆಳೆದವು. ಆರು ಗಬ್ಬ ಇದ್ದವು.

ಹೋಳು ತೊಳೆದು ಹಾಕಬೇಕಿತ್ತು. ಆದರ ಬೋರಿನ ಮೋಟಾರು ಸುಟ್ಟು, ನಮಗ ಕುಡಿಯಾಕ ನೀರು ಬಿಂದಿಗಿಯಾಗ ಹೊತ್ತು ತರುತ್ತಿದ್ದೆವು. ಹಂದಿಗಳಿಗೆ ದಿನಕ್ಕ ಒಂದೊಂದು ಬೊಗಸಿ ಅಷ್ಟ. ತೊಳೆಯದ ಹಾಕಿದೆವು. ಮೂತಿ ಎತ್ತದ ತಿಂದವು.

ಮೂರನೇ ದಿನ ಒಂದು ಹಂದಿ ಗ್ವಾಡಿಗೆ ಹಣಿ ಒತ್ತಿ ನಿಂತಿತು. ಇನ್ನೊಂದು ನಿಂತಲ್ಲೇ ಗಾಣದಂಗ ಸುತ್ತುತ್ತಿತ್ತು. ಕಣ್ಣ ಮುಂದ ಕೈ ಆಡಿಸಿದರೂ ರೆಪ್ಪಿ ಬಡಿಯಲಿಲ್ಲ. ಡಾಕ್ಟರನ್ನು ಕರೆತರಲು ಶಿವಲಿಂಗ ಖಾನಾಪುರಕ್ಕ ಹೋದ. ಅಷ್ಟರಾಗ ನೀರಿನ ಟ್ಯಾಂಕರ್ ಬಂತು.

“ಮಾವಾ, ತಡೀರಿ, ಡಾಕ್ಟರ್ ಬರ್ಲಿ,” ಅಂದಳು ಸಂಗವ್ವ.

“ಬಾಯಾರಿದ ಜೀವಕ್ಕ ನೀರು ತಡದರ ಪಾಪ ಹತ್ತತೈತಿ, ಸರಿ ಅತ್ತಾಗ,” ಅಂದು ನಾನೇ ಪೈಪು ಬಿಟ್ಟೆ. ನಮ್ಮ ಮನಿತನದಾಗ ನೀರು ಇದ್ದಾಗ ದನಕ್ಕಾಗಲಿ ದಾರಿಹೋಕನಿಗಾಗಲಿ ಅಳೆದು ಕೊಟ್ಟವರಿಲ್ಲ. ಗೋದಲಿ ತುಂಬಿತು. ಹೊಟ್ಟಿ ಬಿರಿಯುವಂಗ ಕುಡಿದವು. ತಾಸು ಆಗಿರಲಿಲ್ಲ, ಒಂದೊಂದಾಗಿ ನಾಯಿಯಂಗ ಕುಂತು, ಹಿಂದಕ್ಕ ವಾಲಿ, ಕಾಲು ಬಡಿಯತೊಡಗಿದವು. ಸಂಗವ್ವ ಅಳುತ್ತ ಅದೇ ಪೈಪಿನಿಂದ ಅವುಗಳ ಮೈಗೆ ನೀರು ಹೊಡೆದಳು.

ಡಾಕ್ಟರ್ ಪೂರ್ಣಿಮಾ ಬಂದಾಗ ಎರಡಷ್ಟೇ ಉಸಿರಾಡುತ್ತಿದ್ದವು. ಡ್ರಮ್ಮಿನ ನೀರು ನಾಲಿಗಿಗೆ ಹಚ್ಚಿ ಉಗುಳಿದರು.

“ಇಷ್ಟು ಉಪ್ಪು ತಿಂದು ನೀರಿಲ್ಲದ ಇದ್ದದ್ದಕ್ಕ ಮಿದುಳಿಗೆ ಹತ್ತೇತ್ರಿ. ಆಮ್ಯಾಲೆ ಒಮ್ಮೆಲೆ ಕುಡಿಸಿದರ ಮಿದುಳಿಗೆ ಬಾವು ಬರ್ತದ. ಗುಟುಕು ಗುಟುಕು ಕೊಡಬೇಕಿತ್ತು. ಯಾರು ಬಿಟ್ರು ನೀರು?”

ಶಿವಲಿಂಗ ಹೆಂಡತಿಯ ಕೈಯಾಗಿನ ಪೈಪು ನೋಡಿದ. “ನಾ ಬರೂತನಕ ತಡಿಯಾಕ ಆಗಲಿಲ್ಲೇನ ನಿನಗ? ಕೊಂದೆಲ್ಲ ಎಲ್ಲಾನೂ!”

ಸಂಗವ್ವ ನನ್ನ ಕಡೆ ನೋಡಿದಳು. ಹೇಳಾಕ ಹೊತ್ತಿತ್ತು. ನಾನು ತಲಿ ತಗ್ಗಿಸಿ ಸತ್ತ ಹಂದಿಯ ಮ್ಯಾಲಿನ ನೊಣ ಹೊಡೆದೆ.

ಉಳಿದೆರಡೂ ಸಂಜೀಗೆ ಹೋದವು. ಮಾವಿನ ಹೋಳಿನ ಸಮೇತ ಒಂದೇ ಕುಣಿಯಾಗ ಹುಗಿದೆವು. ಶಿವಲಿಂಗ ಎರಡು ದಿನ ಹೆಂಡತಿಯನ್ನ ಬೈದ. ಆಕಿ ನನ್ನ ಹೆಸರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಬುಧವಾರ ಮುಂಜಾನೆ ಸಂಗವ್ವ ಸಾಂಬ್ರಾದ ತವರುಮನಿಗೆ ಹೋದಳು.