ಅಸ್ಲಮ್ ಹಾಕಿದ ಎಣ್ಣೆ

ಗಾಡಿಯ ಎಣ್ಣೆ ಬದಲಿಸಲು ತಸ್ಲೀಮ್ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮೆಕ್ಯಾನಿಕ್ ಭರಮಣ್ಣ ನಾಲ್ಕು ಸಲ ಹೇಳಿದ, ಮೈದುನ ಕೈಸರ ಹೇಳಿದ, ಅತ್ತೆ ಹುಸೇನಬಿ ಅತ್ತು ಹೇಳಿದಳು. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಮೊದಲೇ ಹಟಮಾರಿ ಹೆಂಗಸು, ಹಿಡಿದದ್ದು ಬಿಟ್ಟವಳಲ್ಲ. ಅವಳ ಹಟ ಬಿಡಿಸಬಲ್ಲವನು ರಾಣೆಬೆನ್ನೂರಿನಲ್ಲಿ ಒಬ್ಬನೇ ಒಬ್ಬ ಇದ್ದ, ಅವನು ಹೋಗಿ ಹನ್ನೊಂದು ತಿಂಗಳಾಗಿತ್ತು.

ಅವನು ಅಸ್ಲಮ್, ಅವಳ ಗಂಡ. ಮೇಡ್ಲೇರಿ, ಐರಣಿ ಕಡೆಯ ರೈತರ ಮೆಣಸಿನಕಾಯಿ ಚೀಲಗಳನ್ನು ತನ್ನ ಸಣ್ಣ ಗೂಡ್ಸ್ ಗಾಡಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಸಾಗಿಸುತ್ತಿದ್ದ. ಕಳೆದ ಸುಗ್ಗಿಯ ಒಂದು ಸೋಮವಾರ, ಅದೇ ಮಾರುಕಟ್ಟೆಯಲ್ಲಿ ಚೀಲ ಇಳಿಸಿ, ಬೆವರು ಒರೆಸಿಕೊಂಡು, ಒಂದು ಗಳಿಗೆ ಕೂಡುತ್ತೇನೆ ಎಂದು ಚೀಲಗಳಿಗೆ ಒರಗಿದವನು ಮತ್ತೆ ಏಳಲಿಲ್ಲ. ನಲವತ್ತೊಂದು ಅದೇನು ಸಾಯುವ ವಯಸ್ಸೇ? ಘಾಟಿಗೆ ಅಲ್ಲಿದ್ದವರೆಲ್ಲ ಕೆಮ್ಮುತ್ತಿದ್ದರಂತೆ. ಇವನೊಬ್ಬ ಕೆಮ್ಮುತ್ತಿಲ್ಲ ಎಂಬುದು ಬಹಳ ಹೊತ್ತಿನವರೆಗೆ ಯಾರ ಗಮನಕ್ಕೂ ಬರಲಿಲ್ಲ.

ಅದರ ಹಿಂದಿನ ದಿನ ಭಾನುವಾರ ಅವನು ಗಾಡಿಗೆ ಹೊಸ ಎಣ್ಣೆ ಹಾಕಿದ್ದ, ತನ್ನ ಕೈಯಾರೆ. ಲಾಳಿಕೆ ಹಿಡಿದು ನಿಂತವಳು ತಸ್ಲೀಮ್.

ಆ ಎಣ್ಣೆಯನ್ನು ಆರಿಸಿದ್ದೂ ಜಗಳವಾಡಿಯೇ. ಭರಮಣ್ಣನ ಅಂಗಡಿಯಲ್ಲಿ ಅಸ್ಲಮ್ ಯಾವಾಗಿನಂತೆ ಸಾದಾ ಡಬ್ಬಿಗೆ ಕೈ ಹಾಕಿದಾಗ ಇವಳು ಸಿಂಥೆಟಿಕ್ ಬೇಕೆಂದಳು. ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಅರ್ಧ ತಾಸು ಓದಿದಳು. ಇದು ನೆಲದಿಂದ ತೆಗೆದು ಸೋಸಿದ್ದಷ್ಟೇ ಅಲ್ಲ, ಕಾರ್ಖಾನೆಯಲ್ಲಿ ಕಣಗಳೆಲ್ಲ ಒಂದೇ ಅಳತೆಗೆ ಬರುವಂತೆ ಕೂಡಿಸಿ ಮಾಡಿದ್ದು, ಬಿಸಿಗೆ ಬೇಗ ತೆಳ್ಳಗಾಗುವುದಿಲ್ಲ, ಬಾಳಿಕೆ ಜಾಸ್ತಿ ಎಂದು ಗಂಡನಿಗೇ ಪಾಠ ಹೇಳಿದಳು. ಚಳಿಯಲ್ಲೂ ಇಂಜಿನ್ ಲಗೂ ಶುರುವಾಗುತ್ತದೆ ಎಂದು ಅಲ್ಲಿ ಬರೆದದ್ದನ್ನು ಓದಿದಾಗ ಅಸ್ಲಮ್, ರಾಣೆಬೆನ್ನೂರಿನಲ್ಲಿ ಯಾವಾಗ ಹಿಮ ಬಿದ್ದಿತ್ತು ಎಂದು ಕೇಳಿ ಅಂಗಡಿಯವರನ್ನೆಲ್ಲ ನಗಿಸಿದ. ನಗಿಸಿದರೂ ಕೊನೆಗೆ ತೆಗೆದುಕೊಂಡದ್ದು ಅವಳು ಹೇಳಿದ್ದನ್ನೇ. ಹದಿನಾರು ವರ್ಷದ ಸಂಸಾರದಲ್ಲಿ ಅವನು ಬಾಯಲ್ಲಿ ಸೋತದ್ದಿಲ್ಲ, ಅವಳ ಮಾತು ಮೀರಿದ್ದೂ ಇಲ್ಲ.

ಮನೆಯ ಮುಂದೆ ಎಣ್ಣೆ ಸುರಿಯುತ್ತ ಅವನೂ ತನ್ನ ಪಾಲಿನ ಪಾಠ ಹೇಳಿದ. ಇದರಲ್ಲಿ ಬರೀ ಎಣ್ಣೆ ಇರುವುದಿಲ್ಲ, ಸುಮಾರು ಐದರಲ್ಲಿ ಒಂದು ಪಾಲು ಬೇರೆ ಬೇರೆ ಮದ್ದು. ಒಂದು ಇಂಜಿನ್ನಿನ ಒಳಗಿನ ಹೊಲಸು ತೊಳೆಯುತ್ತದೆ, ಒಂದು ಆ ಹೊಲಸು ತಳದಲ್ಲಿ ಕೂಡದಂತೆ ಹೊತ್ತುಕೊಂಡು ತಿರುಗುತ್ತದೆ, ಇನ್ನೊಂದು ಕಬ್ಬಿಣಕ್ಕೆ ಕಬ್ಬಿಣ ತಿಕ್ಕದ ಹಾಗೆ ನಡುವೆ ನಿಲ್ಲುತ್ತದೆ.

"ಎಣ್ಣಿ ಕರ್ರಗಾತು ಅಂದ್ರ ಕೆಟ್ಟತು ಅನಬ್ಯಾಡ," ಎಂದಿದ್ದ. "ನಮ್ಮ ಹೊಲಸು ತಾ ಹೊತ್ಕೊಂಡೈತಿ ಅನ್ನು."

ಮರುದಿನ ಮಧ್ಯಾಹ್ನ ಬ್ಯಾಡಗಿಯಿಂದ ಫೋನು ಬಂತು.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತು ಕೂಡಬೇಕು. ಹೊಸಿಲು ದಾಟುವಂತಿಲ್ಲ, ಸಿಂಗಾರ ಮಾಡುವಂತಿಲ್ಲ. ತಸ್ಲೀಮ್ ಒಳಕೋಣೆಯಲ್ಲಿ ಕೂತಳು. ಗಾಡಿಯನ್ನು ಕೈಸರ ಓಡಿಸಿದ. ಮೂರು ಹೊಟ್ಟೆ ತುಂಬಬೇಕಲ್ಲ, ಸತ್ತವನ ಹಿಂದೆ ಬಾಡಿಗೆ ಸಾಯುವುದಿಲ್ಲ. ಬೆಳಿಗ್ಗೆ ಗಾಡಿ ಹೋಗುವ ಸದ್ದು, ಸಂಜೆ ಬರುವ ಸದ್ದು, ಅವಳಿಗೆ ಇಡೀ ದಿನದಲ್ಲಿ ಬೇಕಾಗಿದ್ದು ಇವೆರಡೇ. ಅವನ ಅಂಗಿಗಳನ್ನು ಬಡವರಿಗೆ ಕೊಟ್ಟಿದ್ದರು. ಅವನು ಬಿಟ್ಟುಹೋದ ಬೀಡಿ ಕಟ್ಟನ್ನು ಯಾರೋ ಸೇದಿ ಮುಗಿಸಿದ್ದರು. ಕೂತು ಕೂತು ಅವಳಿಗೆ ಒಂದು ದಿನ ಹೊಳೆಯಿತು, ಅವನ ಕೈಯಿಂದ ಬಿದ್ದದ್ದು ಇನ್ನೂ ಇದ್ದ ಹಾಗೇ ಇರುವುದು ಆ ಇಂಜಿನ್ನಿನೊಳಗೆ ಮಾತ್ರ.

ಇದ್ದತ್ತು ಮುಗಿಸಿ ಹೊರಗೆ ಬಂದ ದಿನ ಅವಳು ಮೊದಲು ಮಾಡಿದ ಕೆಲಸ ಗಾಡಿಯ ಎಣ್ಣೆ ನೋಡುವ ಕಡ್ಡಿ ಎಳೆದದ್ದು. ತುದಿಯಲ್ಲಿ ಕಪ್ಪಗೆ, ನುಣ್ಣಗೆ ಹತ್ತಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಅಂದಿನಿಂದ ಪ್ರತಿ ಶುಕ್ರವಾರ ಅದೇ ನೇಮ. ಬೆರಳಿನ ಆ ಕಲೆಯನ್ನು ಸಾಬೂನು ಹಚ್ಚಿ ತೊಳೆಯುತ್ತಿರಲಿಲ್ಲ, ತಾನಾಗಿ ಹೋಗುವವರೆಗೆ ಬಿಡುತ್ತಿದ್ದಳು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ಏನೇನೋ ಅಂದರು. ಅನ್ನಲಿ, ಅವರ ಗಂಡಂದಿರು ಮನೆಯಲ್ಲಿದ್ದರು.

ಎಣ್ಣೆ ಬದಲಿಸುವ ಮಾತು ಬಂದಾಗಲೆಲ್ಲ ಅವಳದು ಒಂದೇ ಉತ್ತರ. ಸಿಂಥೆಟಿಕ್ ಐತಿ, ಬಾಳಿಕಿ ಬರ್ತೈತಿ. ಭರಮಣ್ಣನೂ ಅದಕ್ಕೇ ಒಂದಿಷ್ಟು ದಿನ ಸುಮ್ಮನಿದ್ದ, ಒಳ್ಳೆಯ ಎಣ್ಣೆ, ಇನ್ನೊಂದು ತಿಂಗಳು ತಡೆದೀತು ಎಂದು. ಕೈಸರ ಮಾತ್ರ ಪ್ರತಿ ಸಲವೂ ಇನ್ನೇನೋ ಹೇಳಲು ಬಾಯಿ ತೆರೆದು, ಅವಳ ಬೆರಳಿನ ಕಲೆ ನೋಡಿ, ತಲೆ ತಗ್ಗಿಸಿ ಹೋಗುತ್ತಿದ್ದ.

ಡಿಸೆಂಬರಿನಲ್ಲಿ ಮೆಣಸಿನಕಾಯಿ ಮತ್ತೆ ಶುರುವಾಯಿತು. ಐರಣಿಯ ಗೋಣೆಪ್ಪನ ಚೀಲ ಹೇರಿಕೊಂಡು ಬರುವಾಗ ದಾರಿಯಲ್ಲಿ ಇಂಜಿನ್ ಟಕಟಕ ಅನ್ನತೊಡಗಿತು, ಎಣ್ಣೆಯ ಕೆಂಪು ದೀಪ ಹತ್ತಿತು. ಚೀಲಗಳನ್ನು ಬೇರೆ ಗಾಡಿಗೆ ದಾಟಿಸಿ, ಇದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಕೈಸರ ಭರಮಣ್ಣನ ಗ್ಯಾರೇಜಿಗೆ ತಂದ. ತಸ್ಲೀಮಳನ್ನು ಕರೆಸಿದರು.

ಭರಮಣ್ಣ ಹಳೆಯ ಪೇಪರಿನ ಮೇಲೆ ಒಂದು ಹನಿ ಬಿಟ್ಟು ತೋರಿಸಿದ. ಹೊಲಸನ್ನು ಹೊತ್ತು ತಿರುಗುವ ಮದ್ದಿಗೆ ಕಸುವಿದ್ದರೆ ಹನಿ ಪೇಪರಿನ ಮೇಲೆ ಸಮನಾಗಿ ಹರಡುತ್ತದೆ. ಇದು ನಡುವೆಯೇ ಕರ್ರಗೆ ಗಡ್ಡೆಗಟ್ಟಿ ಕೂತಿತ್ತು.

"ತಂಗೆವ್ವಾ, ಎಣ್ಣಿ ಉಳದೈತಿ, ಅದರಾಗಿನ ಕಾಯೋ ಮದ್ದು ಸತ್ತೈತಿ," ಎಂದ. "ಇವತ್ತ ತಗೀಲಿಲ್ಲಂದ್ರ ಇಂಜಿನ್ನೂ ಹೊಕ್ಕೈತಿ."

ಇಂಜಿನ್ ಹೋದರೆ ಕೈಸರನ ಕೆಲಸ ಹೋಗುತ್ತದೆ, ಅತ್ತೆಯ ಔಷಧ ನಿಲ್ಲುತ್ತದೆ. ತಸ್ಲೀಮ್ ದಡ್ಡಿಯಲ್ಲ. ಅವಳು ಆ ಹನಿಯಿಂದ ಕಣ್ಣೆತ್ತಿ, ತೆಗೆಯಿರಿ, ಆದರೆ ಒಂದು ಹನಿಯೂ ನೆಲಕ್ಕೆ ಬೀಳಬಾರದು, ನನ್ನ ಡಬರಿಯಲ್ಲಿ ಹಿಡಿಯುತ್ತೇನೆ ಎಂದಳು. ಮನೆಗೆ ಹೋಗಿ ಉಜ್ಜಿ ಒರೆಸಿದ ಸ್ಟೀಲಿನ ಡಬರಿ ತಂದಳು. ಈದಿಗೆ ಹಾಲು ಶಾವಿಗೆಯ ಸುರಕುಂಬಾ ಮಾಡುವ ಡಬರಿ ಅದು. ಕೈಸರ ಅದನ್ನು ನೋಡಿ ಗೋಡೆಯ ಕಡೆ ತಿರುಗಿದ.

ಭರಮಣ್ಣ ಗಾಡಿಯ ಕೆಳಗೆ ತೂರಿ ಬೋಲ್ಟು ಬಿಚ್ಚಿದ. ಕಪ್ಪು ಎಣ್ಣೆ ದಾರದಂತೆ ಇಳಿಯಿತು. ತಸ್ಲೀಮ್ ಮಣ್ಣಿನಲ್ಲಿ ಮೊಣಕಾಲೂರಿ, ಎರಡೂ ಕೈಯಲ್ಲಿ ಡಬರಿ ಹಿಡಿದು, ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದಳು. ಎಣ್ಣೆ ಇಳಿಯುತ್ತಿರುವಾಗ ಭರಮಣ್ಣ ಅದನ್ನು ಸೋಸುವ ಫಿಲ್ಟರ್ ತಿರುಗಿಸಿ ತೆಗೆದ. ಒರೆಸಿ ನೋಡಿದ, ಮತ್ತೆ ಒರೆಸಿದ.

"ಇದು ನಾ ಕೊಟ್ಟ ಫಿಲ್ಟರ್ ಅಲ್ಲ," ಎಂದ. "ಅಸ್ಲಮ್‌ಗ ಎಣ್ಣಿ ಜೋಡಿ ನಾ ಕೊಟ್ಟಿದ್ದು ನೀಲಿದು. ಇದನ್ನ ಯಾರು ಹಾಕ್ಯಾರ?"

ತಸ್ಲೀಮ್ ಡಬರಿ ಕೆಳಗಿಡದೆ ಕೈಸರನ ಕಡೆ ನೋಡಿದಳು. ಅವನ ಮುಖ ನೋಡಿದ್ದೇ ಅವಳಿಗೆ ಅರ್ಧ ತಿಳಿಯಿತು.

ಉಳಿದ ಅರ್ಧವನ್ನು ಅವನೇ ಹೇಳಿದ, ತಡವರಿಸುತ್ತ. ಗುತ್ತಲದಿಂದ ಹಾವೇರಿಗೆ ಬಾಡಿಗೆ ಹೋದಾಗ ದಾರಿಯ ಕಲ್ಲು ತಾಗಿ ಬೋಲ್ಟು ಸೋರಲು ಹತ್ತಿತ್ತು. ಹಾವೇರಿಯಲ್ಲಿ ರಸ್ತೆ ಬದಿಯ ಮೆಕ್ಯಾನಿಕ್ ಒಬ್ಬ ಇದ್ದ ಎಣ್ಣೆಯನ್ನೆಲ್ಲ ಮಣ್ಣು ಹತ್ತಿದ ಕಬ್ಬಿಣದ ಬುಟ್ಟಿಗೆ ಇಳಿಸಿ, ಬೋಲ್ಟು ಬದಲಿಸಿ, ಮಣ್ಣು ಬೆರೆತದ್ದನ್ನು ಮತ್ತೆ ಹಾಕಲು ಬರುವುದಿಲ್ಲವೆಂದು ಸಾದಾ ಎಣ್ಣೆ ತುಂಬಿ, ಫಿಲ್ಟರನ್ನೂ ಬದಲಿಸಿ ಕಳಿಸಿದ್ದ. ಇಳಿಸಿದ ಎಣ್ಣೆಯನ್ನು ಯಾರೋ ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಿರಲಿ ಎಂದು ಬಳಿಯಲು ಒಯ್ದರು. ಆಗ ಭಾಭಿ ಇದ್ದತ್ತಿನಲ್ಲಿದ್ದಳು. ಎಣ್ಣೆಯ ವಿಷಯ ಅವಳಿಗೆ ಇಷ್ಟೊಂದು ದೊಡ್ಡದಾಗುತ್ತದೆಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ನೀವು ಹೊರಗ ಬಂದ ದಿನ ಕಡ್ಡಿ ಎಳದು ನೋಡಿದ್ರಿ," ಎಂದ ಕೈಸರ. "ಅವತ್ತ ನಕ್ಕಿದ್ರಿ ಭಾಭಿ. ಅಣ್ಣ ಹೋದಮ್ಯಾಲೆ ಅದ ಮೊದಲು ನೀವು ನಕ್ಕಿದ್ದು. ನಾ ಹೆಂಗ ಹೇಳ್ಲಿ?"

ಸಾದಾ ಎಣ್ಣೆ. ಅದನ್ನೇ ಇವಳು ಸಿಂಥೆಟಿಕ್ ಎಂದು ಎಳೆದೂ ಎಳೆದೂ ಇಂಜಿನ್ನಿನ ಜೀವಕ್ಕೇ ಕುತ್ತು ತಂದಿದ್ದಳು. ಅವಳು ಕೈಸರನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಕೈಸರನ ಎದೆಯಾದರೂ ಹಗುರಾಗುತ್ತಿತ್ತು. ಅವಳು ಕೇಳಿದ್ದು, ಅದು ಯಾವ ದಿನ ಎಂದು ಮಾತ್ರ.

ಅಣ್ಣನ ನಲವತ್ತನೇ ದಿನದ ಫಾತೇಹಾ ಆಗಿ ಮರುದಿನ ಎಂದ ಅವನು.

ತಸ್ಲೀಮ್‌ಗೆ ಆ ಸಂಜೆ ನೆನಪಿತ್ತು. ಒಳಕೋಣೆಯ ಒಂದೊಂದು ಸಂಜೆಯೂ ಅವಳಿಗೆ ನೆನಪಿತ್ತು.

"ಅವತ್ತ ಗಾಡಿ ಬಂದಾಗ ನಾ ಒಳಗ ಕುಂತು ಕೇಳೇನಿ," ಎಂದಳು. ದನಿ ಏರಲಿಲ್ಲ. "ಇಂಜಿನ್ ಭಾಳ ಮೆತ್ತಗ ಬಂತು. ಅತ್ತೀನ ಕರದು ಕೂಡ್ರಿಸಿ ಹೇಳಿದ್ದೆ, ಕೇಳ್ರಿ, ನಿಮ್ಮ ಮಗ ಹಾಕಿದ ಎಣ್ಣಿ ಹೆಂಗ ಕೆಲಸ ಮಾಡಾಕತ್ತೈತಿ ಅಂತ. ಅವರೂ ಕೇಳಿ ಅತ್ರು."

ಆಮೇಲೆ ಅವಳ ಕೈಯಲ್ಲಿ ಡಬರಿ ವಾಲಿತು, ಎಣ್ಣೆ ಮಣಿಕಟ್ಟಿನ ಮೇಲೆ ಹರಿಯಿತು. ಹನ್ನೊಂದು ತಿಂಗಳಿನಿಂದ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಒಮ್ಮೆಲೇ ಬಿಟ್ಟುಹೋಯಿತು. ಗಂಡನ ಮಯ್ಯತ್ತು ಎತ್ತಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಗ್ಯಾರೇಜಿನ ಮುಂದೆ ಹೋಗುತ್ತಿದ್ದವರು ನಿಂತು ನೋಡಿದರು. ಕೈಸರ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವಳನ್ನು ಮುಟ್ಟುವಂತಿಲ್ಲದೆ, ಡಬರಿಯ ಇನ್ನೊಂದು ಅಂಚನ್ನು ಹಿಡಿದುಕೊಂಡ.

ಹನಿ ನಿಂತ ಮೇಲೆ ಭರಮಣ್ಣ ಬೋಲ್ಟು ಬಿಗಿದು ಹೊರಗೆ ಬಂದ. ಅಂಗಡಿಯೊಳಗಿನಿಂದ ಎರಡು ಡಬ್ಬಿ ತಂದು ಅವಳ ಮುಂದೆ ಇಟ್ಟ, ಒಂದು ಸಾದಾ, ಒಂದು ಸಿಂಥೆಟಿಕ್. ಅವಳು ಓದಿ ಆರಿಸುತ್ತಾಳೆಂದು ಅವನಿಗೆ ಗೊತ್ತಿತ್ತು, ಕಾದು ನಿಂತ. ತಸ್ಲೀಮ್ ಡಬ್ಬಿಗಳ ಕಡೆ ತಿರುಗಿಯೂ ನೋಡಲಿಲ್ಲ. ಗ್ಯಾರೇಜಿನ ಹಳೆಯ ಅರಿವೆಯೊಂದನ್ನು ಎತ್ತಿಕೊಂಡು ಮಣಿಕಟ್ಟು, ಅಂಗೈ, ಬೆರಳು, ಬೆರಳಿನ ಸಂದಿ ಎಲ್ಲವನ್ನೂ ಚರ್ಮ ಕೆಂಪಾಗುವವರೆಗೆ ತಿಕ್ಕಿ ಒರೆಸಿದಳು.

"ಯಾವುದಾರ ಹಾಕ್ರಿ ಅಣ್ಣಾ," ಎಂದಳು. "ಇನ್ನ ಅದು ಬರೇ ಎಣ್ಣಿ."