ಬಾಜೂ ಅಜ್ಜಿ

ಮಗಳ ಬಲಗಡೆಯ ಜಡೆ ಹೆಣೆದು ತುದಿಗೆ ಕೆಂಪು ರಿಬ್ಬನ್ ಕಟ್ಟಿ, ಎಡಗಡೆಯ ಕೂದಲಿಗೆ ಹಣಿಗೆ ಹಾಕಿದ್ದಳಷ್ಟೇ, ಪಕ್ಕದ ಮನೆಯ ಶಂಕ್ರವ್ವ ಒಳಗೆ ಬಂದವಳೇ ಸುಮನಳ ಕೈ ಹಿಡಿದಳು.

"ಏನ್ ಮಾಡಾಕತ್ತೀಯವಾ? ಮನ್ಯಾಗ ಹೆಣ ಇಟಗೊಂಡು ಯಾರರ ತಲಿ ಬಾಚ್ತಾರೇನು? ಸೂತಕ ಕಳ್ಯೂತನಾ ಹೆಂಗಸ್ರು ಜಡಿ ಹಾಕಂಗಿಲ್ಲ."

ಸುಮನ ತನ್ನ ಕೈಗಳನ್ನೇ ನೋಡಿಕೊಂಡಳು. ದಿನವೂ ಈ ಹೊತ್ತಿಗೆ ಮಗಳ ಎರಡು ಜಡೆ ಮುಗಿದು, ಓಣಿಯ ತುದಿಯಲ್ಲಿ ಅವಳನ್ನು ಕೆಲಸಕ್ಕೆ ಒಯ್ಯುವ ರೆಸಾರ್ಟಿನ ವ್ಯಾನು ಹಾರ್ನು ಹೊಡೆಯುತ್ತಿತ್ತು. ಅತ್ತೆ ಸತ್ತ ಸುದ್ದಿ ಕೈಗಳಿಗಿನ್ನೂ ಮುಟ್ಟಿರಲಿಲ್ಲ.

ಶಾಂತಿಬಾಯಿ ಪಡಸಾಲೆಯ ಚಾಪೆಯ ಮೇಲೆ ಇದ್ದಳು. ಬೆಳಗಿನ ಜಾವ ನೀರು ಕೇಳಿದ್ದಳು. ಮಗ ಪರಶುರಾಮ ತಂಬಿಗೆ ತರುವಷ್ಟರಲ್ಲಿ ಮುಗಿದಿತ್ತು.

"ಅವ್ವಾ, ಬಾಜೂ ಅಜ್ಜಿ ಯಾಕ ಇನ್ನೂ ಎದ್ದಿಲ್ಲ?" ಕಾಜಲ್ ಕೇಳಿದಳು. ಒಂದು ಕಡೆ ಜಡೆ, ಇನ್ನೊಂದು ಕಡೆಯ ಕೂದಲು ಕಣ್ಣಿಗೆ ಬಂದಿತ್ತು.

ಅಷ್ಟರಲ್ಲಿ ಪರಶುರಾಮ ಮೊಬೈಲು ಹಿಡಿದುಕೊಂಡೇ ಒಳಗೆ ಬಂದ. "ಬಾಲವಾಡಿ ಮೇಡಂ ಫೋನ್ ಮಾಡಿದ್ರು. ಯಾರ್ ಹೇಳ್ಯಾರೋ ಏನೋ. ಮಣ್ಣಿಗೆ ಬರ್ತಾರಂತ."

ಮೂವರೂ ಚಾಪೆಯ ಕಡೆ ನೋಡಿದರು. ಏನಾದರೂ ಉಪಾಯ ಹೇಳು ಎಂದು ಸತ್ತವಳನ್ನೇ ಕೇಳುವವರ ಹಾಗೆ.

ಕಡೆಗೆ ಶಂಕ್ರವ್ವನೇ ಅಂದಳು: "ನಮ್ಮ ಮನಿ ಕಟ್ಟಿಮ್ಯಾಲೆ ತಂದು ಮಲಗಸ್ರಿ. ನಮ್ಮ ಮನ್ಯಾಗಿಂದನ ಹೋಗ್ಲಿ. ಬಾಜೂ ಮನಿ ಅಕಿ ಅಂತ ಮೇಡಂಗ ಹೇಳಿದ್ದು ಹೇಳಿ ಆಗೇತಿ, ಈಗ ಏನ್ ಮಾಡ್ತೀರಿ?"

ಪರಶುರಾಮ ಹೆಂಡತಿಯ ಮುಖ ನೋಡಿದ. ಸುಮನ ಬೇಡವೆನ್ನಲಿಲ್ಲ.

*

ಶಾಂತಿಬಾಯಿಯ ಕಣ್ಣಿಗೆ ಪೊರೆ ಬಂದದ್ದು ಮೊದಲು ಯಾರಿಗೂ ಗೊತ್ತಾಗಲಿಲ್ಲ. ಗೋಡೆ ಹಿಡಿಯದೆ ಓಡಾಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಒಂದು ದಿನ ಸುಮನ ಮಧ್ಯಾಹ್ನವೇ ಮನೆಗೆ ಬಂದಾಗ ಅತ್ತೆ ಸೀರೆಯ ಜೋಳಿಗೆ ತೂಗುತ್ತ ಕೂತಿದ್ದಳು. ತುಟಿಯ ಮೇಲೆ ಬೆರಳಿಟ್ಟು, "ಸಪ್ಪಳ ಮಾಡಬ್ಯಾಡ, ಈಗ ಮಲಗೇತಿ" ಅಂದಳು. ಜೋಳಿಗೆಯಲ್ಲಿ ತಲೆದಿಂಬು ಇತ್ತು. ಕಾಜಲ್ ಓಣಿಯಾಚೆಯ ದೊಡ್ಡ ರಸ್ತೆಯಲ್ಲಿ, ಕಟ್ಟಿಗೆ ತುಂಬಿ ನಿಂತ ಲಾರಿಯ ಗಾಲಿಗೆ ಕೈಯಿಂದ ಬಡಿಯುತ್ತ ನಗುತ್ತಿದ್ದಳು.

ಆ ಮೇಲೆ ಅತ್ತೆಯ ಹತ್ತಿರ ಮಗು ಬಿಡುವ ಮಾತೇ ಇರಲಿಲ್ಲ. ಸುಮನಳಿಗೆ ಗಣೇಶಗುಡಿ ದಾರಿಯ ರೆಸಾರ್ಟಿನಲ್ಲಿ ಚಾದರ ಒಗೆದು ಹಾಸುವ ಕೆಲಸ. ಪರಶುರಾಮನಿಗೆ ಮಿಲ್ಲಿನಲ್ಲಿ ಗುತ್ತಿಗೆ ಪಾಳಿ, ಕರೆದ ದಿನ ಇದೆ, ಕರೆಯದ ದಿನ ಇಲ್ಲ. ಬಂಗೂರನಗರದ ಕಡೆ ಒಂದು ಬಾಲವಾಡಿ ಇತ್ತು. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಾದರೆ ಫೀ, ಹಾಲು, ಊಟ ಎಲ್ಲವನ್ನೂ ಒಂದು ಟ್ರಸ್ಟಿನವರು ಕೊಡುತ್ತಿದ್ದರು. ಆದರೆ ಮನೆಯಲ್ಲಿ ಹಿರಿಯರಿದ್ದರೆ ನೆರವಿಲ್ಲ. ಆ ಹಿರಿಯರಿಗೆ ಕಣ್ಣು ಕಾಣಬೇಕೆಂದು ನಿಯಮದಲ್ಲಿ ಇರಲಿಲ್ಲ. ಇದ್ದರೆ ಸಾಕಿತ್ತು.

ಮನೆ ನೋಡಲು ಮೇಡಂ ಹೇಳದೆ ಕೇಳದೆ ಬಂದ ದಿನ ಶಾಂತಿಬಾಯಿ ಹೊಸ್ತಿಲಲ್ಲಿ ಕೂತು ಬೆರಳಿನಿಂದ ತಡವುತ್ತ ಅಕ್ಕಿಯ ಹರಳು ಆರಿಸುತ್ತಿದ್ದಳು.

"ನೀವು ಇವರ ಅತ್ತೀರೇನ್ರಿ?"

ಒಳಗಿದ್ದ ಸುಮನ ಬಾಗಿಲಿಗೆ ಓಡಿ ಬಂದಳು. ಶಾಂತಿಬಾಯಿ ಮೊರದಿಂದ ಮುಖ ಎತ್ತಲಿಲ್ಲ.

"ಅಲ್ಲರೀ ಬಾಯಾರ, ನಾ ಬಾಜೂ ಮನಿ ಅಕಿ. ಇವರತ್ತಿ ಸತ್ತು ಭಾಳ ದಿನಾ ಆತು. ಭಾರೀ ಜೋರ್ ಇದ್ಲ್ರಿ ಮುದುಕಿ. ಈ ಹುಡುಗಿನ್ನ ಕಾಡಿಸಿದ್ದು ಅಷ್ಟಿಷ್ಟಲ್ಲ."

ಸಂಜೆ ಅದನ್ನೇ ನೆನೆದು ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. "ನನ್ನ ಬಾಯಿಲೇ ನನ್ನ ಬೈಕೊಂಡು ಹಗುರಾತು ನೋಡ ಸುಮನಾ," ಅಂದಿದ್ದಳು ಶಾಂತಿಬಾಯಿ.

ಉಳಿದದ್ದು ಮಗುವಿನ ಬಾಯಿ. ಬಾಲವಾಡಿಯಲ್ಲಿ ಏನು ಹೇಳಿಬಿಡುತ್ತದೋ! ಅದನ್ನೂ ಶಾಂತಿಬಾಯಿಯೇ ಕಲಿಸಿದಳು.

"ನಾ ಯಾರ?"

"ಅಜ್ಜಿ."

"ಹಂಗಲ್ಲ. ಬಾಜೂ ಅಜ್ಜಿ. ಅನ್ನು ನೋಡೂಣು."

ಸರಿಯಾಗಿ ಅಂದರೆ ಡಬ್ಬಿಯಿಂದ ಬೆಲ್ಲದ ಚೂರು. ಶಂಕ್ರವ್ವನ ಜೊತೆಗೆ ಬಾಲವಾಡಿಯಿಂದ ಮೊಮ್ಮಗಳನ್ನು ಕರೆತರಲು ಹೋಗುವಾಗಲೂ ಅವಳು ಗೇಟಿನಾಚೆಯೇ ನಿಲ್ಲುತ್ತಿದ್ದಳು. "ಬಾಜೂ ಅಜ್ಜಿ ಬಂದ್ಲು!" ಎಂದು ಓಡಿ ಬರುವ ಮಗುವಿಗೆ ಕೈ ಚಾಚುತ್ತಿದ್ದಳು. ಬರುವಾಗ ದಾರಿ ತೋರಿಸುವುದು ಮಗುವೇ.

ಮೊನ್ನೆ ಮೊನ್ನೆ ಜ್ವರದಲ್ಲಿ ಮಲಗಿದ್ದಾಗ ಶಾಂತಿಬಾಯಿ ಮೊಮ್ಮಗಳನ್ನು ಹತ್ತಿರ ಕರೆದಳು. "ಇಲ್ಲಿ ಯಾರೂ ಇಲ್ಲ. ಒಮ್ಮಿ ಬರೇ ಅಜ್ಜಿ ಅನ್ನವಾ."

"ನೀ ಬಾಜೂ ಅಜ್ಜಿ ಅಲ್ಲಾ?" ಎಂದು ಕಾಜಲ್ ಬೆಲ್ಲಕ್ಕೆ ಕೈ ಒಡ್ಡಿದಳು.

ಒಳಗೆ ಒಲೆಯ ಮುಂದಿದ್ದ ಸುಮನಳಿಗೆ ಅದು ಕೇಳಿಸಿತು. ಹೊರಗೆ ಬಂದು ಮಗುವಿಗೆ ಒಂದು ಮಾತು ಹೇಳಬಹುದಿತ್ತು. ಮರುದಿನ ಬಾಲವಾಡಿ ಇತ್ತು. ಅವಳು ಸಾರು ತಿರುವುತ್ತ ನಿಂತಳು.

*

ಮುಂಡಗೋಡದ ಕಡೆಯಿಂದ ತುಳಸಿರಾಮ ತವರಿನ ಸೀರೆ ಹಿಡಿದುಕೊಂಡು ಬಂದಾಗ ಬಿಸಿಲು ಏರಿತ್ತು. ಸತ್ತವಳಿಗೆ ಅವನೊಬ್ಬನೇ ತಮ್ಮ. ಪರಶುರಾಮನ ಮನೆಯೊಳಗೆ ಹಣಕಿ, ಬರಿದಾದ ಚಾಪೆ ನೋಡಿ, ಆಮೇಲೆ ಪಕ್ಕದ ಕಟ್ಟೆಯ ಮೇಲಿದ್ದ ಅಕ್ಕನನ್ನು ನೋಡಿದ.

"ಏ ಪರಶ್ಯಾ, ನಮ್ಮಕ್ಕನ್ನ ಮಂದಿ ಕಟ್ಟಿಮ್ಯಾಲೆ ಯಾಕ ಹಾಕೀರಿ? ನಿನ್ನ ಮನ್ಯಾಗ ಜಾಗ ಸಾಲಲಿಲ್ಲೇನು?"

"ಮಾಮಾ, ಸಣ್ಣಗ ಮಾತಾಡು." ಪರಶುರಾಮ ಅವನನ್ನು ಮೂಲೆಗೆ ಕರೆದೊಯ್ದು ಎಲ್ಲ ಹೇಳಿದ. "ಗೊತ್ತಾತಂದ್ರ ಬಾಲವಾಡಿ ಬಿಡಿಸ್ತಾರ. ಕೂಸಿನ್ನ ಎಲ್ಲಿ ಬಿಡೂದು? ಇಕಿ ಕೆಲಸಾನೂ ಹೋಗ್ತೈತಿ. ನನ್ನ ಪಾಳಿ ನಂಬಿ ಕುಂತ್ರ ಉಪಾಸ. ಅವ್ವನ ಹೇಳಿದ್ದು ಮಾಮಾ, ನಾವು ಹೇಳಿಸಿದ್ದಲ್ಲ."

"ಅಕಿ ಹೇಳ್ತಾಳ. ಯಾವತ್ತರ ತನಗ ಅಂತ ಒಂದು ತುತ್ತು ಇಟಗೊಂಡಾಳೇನು ಅಕಿ? ನೀವು ಯಾಕ ಹೂಂ ಅಂದ್ರಿ?" ತುಳಸಿರಾಮ ಸುಮನಳ ಕಡೆ ತಿರುಗಿದ. "ಇದ್ದಾಗ ಸಾಯಿಸಿದ್ರಿ, ಸತ್ತಮ್ಯಾಲೆ ಮನಿ ಬಿಡಿಸಿದ್ರಿ. ಚಲೋ ಆತು."

ಸುಮನ ಸೀರೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಹಸಿರು ಸೀರೆ, ಸಣ್ಣ ಅಂಚು. ಅತ್ತೆಯ ಮೈಗೆ ಅದನ್ನು ಸುತ್ತುವಾಗ ಓಣಿಯ ಹೆಂಗಸರು ಸುತ್ತ ಮರೆಯಾಗಿ ನಿಂತರು. ಅವರಿಗೆಲ್ಲ ಗೊತ್ತಿತ್ತು. ಅವರಲ್ಲಿ ಕೆಲವರ ಮನೆಯಲ್ಲೂ ಇಂಥದೇ ಒಂದು ಸುಳ್ಳು ಇತ್ತು.

ಸ್ಕೂಟಿಯ ಸಪ್ಪಳ ಕೇಳಿದಾಗ ತುಳಸಿರಾಮ ಬಾಯಿಗೆ ಟವೆಲ್ಲು ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತ.

ಮೇಡಂ ಹೂವಿನ ಹಾರ ತಂದಿದ್ದರು. ಅವರು ಕೆಟ್ಟವರಲ್ಲ, ಹಾರ ಹಾಕಿ ಕಾಲು ಮುಟ್ಟಿ ನಮಸ್ಕರಿಸಿದಾಗ ಅವರ ಕಣ್ಣಲ್ಲಿ ನಿಜವಾದ ನೀರಿತ್ತು.

"ದಿನಾ ಗೇಟಿನ್ಯಾಗ ನಿಂತಿರ್ತಿದ್ರು. ಒಳಗ ಬರ್ರಿ ಅಂದ್ರ ಬರ್ತಿದ್ದಿಲ್ಲ." ಆಮೇಲೆ ಒದ್ದೆ ಪಂಚೆ ಉಟ್ಟು ತಲೆಗೆ ನೀರು ಹಾಕಿಕೊಂಡು ನಿಂತಿದ್ದ ಪರಶುರಾಮನನ್ನು ನೋಡಿದರು. "ಇವರಿಗೆ ಮಕ್ಕಳು ಯಾರೂ ಇಲ್ಲೇನ್ರಿ? ನೀವ ಎಲ್ಲಾ ಮಾಡಾಕತ್ತೀರಲ್ಲ!"

ಪರಶುರಾಮ ಬಗ್ಗಿ ಒದ್ದೆ ಪಂಚೆಯ ತುದಿ ಹಿಂಡತೊಡಗಿದ.

"ಇವನ್ನ ಮಗ ಅಂತಿದ್ಲ್ರಿ ಅಕಿ," ಅಂದಳು ಶಂಕ್ರವ್ವ, ನೆಲ ನೋಡುತ್ತ.

"ಈಗಿನ ಕಾಲದಾಗ ಹೊಟ್ಟಿಲೇ ಹುಟ್ಟಿದವರ ನೋಡೂದಿಲ್ಲ. ನೀವು ಬಾಜೂದವರಿಗೆ ಇಷ್ಟು ಮಾಡ್ತೀರಿ. ನಮ್ಮ ಟ್ರಸ್ಟಿನ ಮೀಟಿಂಗಿನ್ಯಾಗ ನಿಮ್ಮ ಬಗ್ಗೆ ಹೇಳ್ತೇನಿ ನೋಡ್ರಿ, ಖರೇನ ಹೇಳ್ತೇನಿ." ಮೇಡಂ ಕಾಜಲಳ ತಲೆ ಸವರಿದರು. "ಯಾಕವಾ, ಒಂದ ಜಡಿ?"

"ಬಾಜೂ ಅಜ್ಜಿ ಎದ್ದಿಲ್ರಿ, ಅದಕ್ಕ," ಅಂದಳು ಕಾಜಲ್.

"ನಾಳಿ ಕಳಿಸ್ರಿ ಸುಮನಾ. ಇಲ್ಲಿದ್ರ ಕೂಸಿಗೆ ಇದ ನೆನಪ. ನಿಮಗೇನು ಸೂತಕ ಇಲ್ಲಲ್ಲ."

"ಕಳಿಸ್ತೇನ್ರಿ," ಅಂದಳು ಸುಮನ.

ಹೆಣ ಎತ್ತಿದರು. ಮುಂದಿನ ಹೆಗಲು ತುಳಸಿರಾಮ ಕೊಟ್ಟ. ಓಣಿಯ ಹೆಂಗಸರ ಅಳು ಒಮ್ಮೆಲೇ ಎದ್ದಿತು. ಸೊಸೆಯಾದವಳು ಸಂಬಂಧ ಹೇಳಿ ಕರೆದು ಅಳಬೇಕು. ಸುಮನ ಬಾಯಿ ತೆರೆದಳು. 'ಅತ್ತೀ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲೇ ಮೇಡಂ ಅವಳ ಭುಜ ಹಿಡಿದು ನಿಂತಿದ್ದರು.

"ಅಜ್ಜೀ..." ಎಂದು ಅತ್ತಳು ಸುಮನ. "ಯವ್ವಾ ಅಜ್ಜೀ, ಹೋದ್ಯಾ..."

ಓಣಿಯ ತಿರುವಿನಲ್ಲಿ ಪರಶುರಾಮ ಒಮ್ಮೆ ತಿರುಗಿ ನೋಡಿದ.

*

ಮಣ್ಣು ಮುಗಿಸಿ ಬಂದವರು ಕೈಕಾಲು ತೊಳೆದು ಹೋದರು. ತುಳಸಿರಾಮ ನೀರು ಕೂಡ ಮುಟ್ಟದೆ ಬಸ್ಸಿಗೆ ನಡೆದ. ಜೀವ ಹೋದ ಜಾಗದಲ್ಲಿ ಹಿಟ್ಟು ಹರವಿ ದೀಪ ಇಟ್ಟು ಶಂಕ್ರವ್ವ ತನ್ನ ಮನೆಗೆ ಹೋಗಿ ಕಟ್ಟೆ ತೊಳೆಯತೊಡಗಿದಳು.

"ನಾಳಿ ವ್ಯಾನಿಗೆ ಹೋಗ್ತೀಯೇನು?" ಗೋಡೆಗೆ ಒರಗಿದ್ದ ಪರಶುರಾಮ ಕೇಳಿದ. "ಮೇಡಂಗೂ ಹೂಂ ಅಂದೀದಿ."

ಸುಮನ ಹೋಗಿ ಹೊಸ್ತಿಲಲ್ಲಿ ಕೂತಳು. ಅತ್ತೆ ಅಕ್ಕಿ ಆರಿಸುತ್ತಿದ್ದ ಜಾಗ. ಕಾಜಲ್ ಹಣಿಗೆಯನ್ನೂ ಉಳಿದ ಇನ್ನೊಂದು ಕೆಂಪು ರಿಬ್ಬನ್ನನ್ನೂ ಹುಡುಕಿ ತಂದು ತಾಯಿಯ ಮುಂದೆ ಬೆನ್ನು ಹಾಕಿ ಕೂತಳು.

"ಈ ಕಡೇದೂ ಹಾಕಬೇ."

ಸುಮನ ಬಲಗಡೆಯ ಜಡೆಯ ತುದಿ ಹಿಡಿದು ಗಂಟು ಎಳೆದಳು. ಮೂರು ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಕೂದಲನ್ನು ಮಗುವಿನ ಬೆನ್ನ ಮೇಲೆ ಹರಡಿದಳು.

"ಯಾಕ ಬಿಚ್ಚಿದಿ?"

ಸುಮನ ಎರಡೂ ರಿಬ್ಬನ್ನುಗಳನ್ನು ಸುತ್ತಿ ಬೆಲ್ಲದ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ, ಬಾಲವಾಡಿಯ ಹುಡುಗರು ಮನೆಗೆ ಮರಳುತ್ತಿದ್ದ ಓಣಿಗೆ ಎದುರಾಗಿ ಕೂತು, ಎರಡೂ ಕೈ ಹಿಂದಕ್ಕೆ ಒಯ್ದು ತನ್ನ ತುರುಬನ್ನೂ ಬಿಚ್ಚಿದಳು.