ಶಲ್ಯ ಕೊಡವಿ, ಒಡೆಯಾ

"ಕೊಡವೇ ರಂಡೆ, ಪೂರಾ ಕೊಡವು! ಸೊಂಟದ ಹತ್ರ ಎಂತದು ಉಬ್ಕಂಡದೆ?"

ಗಂಗೆ ಸೆರಗು ಬಿಚ್ಚಿ ಕೊಡವಿದಳು. ಒಂದು ಕಾಳೂ ಬೀಳಲಿಲ್ಲ. ಉಬ್ಬಿದ್ದದ್ದು ಎಲೆಯಡಿಕೆ ಸಂಚಿ. ಗೇಟು ಕಾಯುವ ನಾಗಪತಿ ಅದನ್ನೂ ಬಿಚ್ಚಿಸಿ ಮೂಸಿ ನೋಡಿದ. ಶಿರಸಿಯ ಅನಂತಮೂರ್ತಿ ಒಡೆಯರ ವಖಾರಿಯಲ್ಲಿ ಕಾಳುಮೆಣಸು ಕೇರುವ ಹದಿನಾಲ್ಕು ಹೆಂಗಸರೂ ಪ್ರತಿ ಸಂಜೆ ಸಾಲಾಗಿ ನಿಂತು, ಹಮಾಲರ ಎದುರಿಗೇ ಸೆರಗು ಕೊಡವಿ ಮನೆಗೆ ಹೋಗಬೇಕು. ಹನ್ನೊಂದು ವರ್ಷದಿಂದ ಗಂಗೆ ಕೊಡವಿದ್ದಾಳೆ. ಒಡೆಯರ ಹೆಗಲ ಮೇಲೂ ಒಂದು ಶಲ್ಯವಿದೆ. ಅದನ್ನು ಕೊಡವಿಸುವ ಗಂಡು ಆ ಊರಿನಲ್ಲಿ ಹುಟ್ಟಿಲ್ಲ.

ಮರುದಿನ ಬೆಳಿಗ್ಗೆ ವಿಯೆಟ್ನಾಮಿನ ಮೆಣಸು ಬಂತು. ಗಂಗೆಯ ಗಂಡ ಕೆರಿಯ ಅಲ್ಲೇ ಹಮಾಲಿ. ಚೀಲ ಹೊತ್ತು ಹೊತ್ತು ಅವನ ಬೆನ್ನು ಬಾಗಿಹೋಗಿತ್ತು.

"ಅದು ಎರಡು ಚೀಲ, ಊರಿಂದು ಒಂದು ಚೀಲ. ಪರಿಮಳ ಬರೂ ಹಾಂಗೆ ಕಲಸಿ. ಗುರ್ತು ಸಿಕ್ಕಬಾರ್ದು," ಎಂದರು ಒಡೆಯರು.

ಊರಿನದೆಂದು ಸುರಿದ ಚೀಲದ ಮೂಲೆಯಲ್ಲಿ ಹಳದಿ ಸೀರೆಯ ತೇಪೆಯಿತ್ತು. ಗಂಗೆ ಆ ಮೂಲೆಯನ್ನು ಎಳೆದು ನೋಡಿದಳು. ತೇಪೆ ಹಾಕಿದ್ದು ಅವಳೇ. ಕಾನಸೂರಿನ ಕಾಡಂಚಿನಲ್ಲಿ ಅವರದು ಅರ್ಧ ಎಕರೆ ಅತಿಕ್ರಮಣದ ಜಾಗ, ಪಟ್ಟಾ ಇಲ್ಲ. ಅಲ್ಲಿ ಮರಕ್ಕೆ ಹಬ್ಬಿಸಿದ ಅರವತ್ತು ಬಳ್ಳಿಯ ವರ್ಷದ ಫಸಲು ಅದು. ಹೋದ ತಿಂಗಳು ಅದನ್ನು ಕೊಳ್ಳುವಾಗ ಇದೇ ಒಡೆಯರು, "ಹೊರಗಿನ ಮೆಣಸು ಅಗ್ಗಕ್ಕೆ ಬಂದು ಬಿದ್ದದೆ. ನಿಂದಕ್ಕೆ ಯಾರು ದರ ಕೊಡ್ತಾರೆ ಮಾರಾಯ್ತಿ?" ಎಂದು ಅರ್ಧ ಬೆಲೆಗೆ ಇಳಿಸಿದ್ದರು. ಆ ಹೊರಗಿನ ಮೆಣಸಿಗೆ ಈಗ ತನ್ನ ಮೆಣಸಿನ ಪರಿಮಳ ಹಚ್ಚುವ ಕೆಲಸವೂ ತನ್ನದೇ ಕೈಗೆ ಬಂದಿತ್ತು.

ಕಲಸುವಾಗ ಬೆರಳಿಗೆ ಏನೋ ಸುತ್ತಿಕೊಂಡಿತು. ಒಂದು ಕೂದಲು. ಮೊಳದುದ್ದ, ನೆಟ್ಟಗೆ, ಕಪ್ಪಗೆ. ಇಲ್ಲಿಯ ಯಾರದ್ದೂ ಅಲ್ಲ. ಅಲ್ಲಿಯೂ ಒಬ್ಬಳು ಬಗ್ಗಿ ಕೂತು ಕೇರುತ್ತಾಳೆ. ಅವಳಿಗೂ ಸೆರಗು ಇದ್ದೀತೆ, ಅವಳೂ ಕೊಡವಬೇಕೆ ಎಂದು ಗಂಗೆಗೆ ಕೇಳಬೇಕೆನಿಸಿತು. ಕೂದಲನ್ನೂ ಎರಡು ಮುಷ್ಟಿ ಕಲಸಿದ ಕಾಳನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಒಡೆಯರು ಕೂಗಿದರು. "ಗಂಗೇ, ಜೀಪು ಹತ್ತು. ದಿಲ್ಲಿ ಸಾಹೇಬ್ರು ಬಂದಾರೆ. ಹತ್ತಾರು ದೇಶದವ್ರು ಕೂತು ವ್ಯಾಪಾರದ ಮಾತು ಆಡ್ತಾರಡ, ಅದಕ್ಕೆ ರೈತರ ಅಭಿಪ್ರಾಯ ಬೇಕಡ. ಹೊರಗಿಂದು ನಿಂತ್ರೆ ವಖಾರಿಲಿದ್ದ ಮಾಲಿಗೆ ದರ ಏರ್ತದೆ. 'ಹೊರಗಿನ ಮೆಣಸು ನಮ್ಮ ಹೊಟ್ಟೆಗೆ ಹೊಡೀತು, ತರಿಸೂದು ನಿಲ್ಸಿ' ಹೇಳು. ಅಷ್ಟೇ. ಒಂದಕ್ಷರ ಹೆಚ್ಚಾದ್ರೆ ನೀನೂ ಬೇಡ, ನಿನ್ನ ಕೆರಿಯನೂ ಬೇಡ. ನಿಮ್ಮ ಜಾಗಕ್ಕೆ ಫಾರೆಸ್ಟಿನವ್ರಿಗೆ ನಂದೊಂದು ಫೋನು ಸಾಕು."

"ಹೇಳ್ಬಿಡೇ," ಎಂದ ಕೆರಿಯ ಮೆಲ್ಲಗೆ. "ಸುಳ್ಳೇನಲ್ವಲ್ಲ."

ಸುಳ್ಳಲ್ಲ, ಅದೇ ಅವಳನ್ನು ಚುಚ್ಚಿದ್ದು. ತನ್ನ ಹೊಟ್ಟೆಯ ಮಾತನ್ನೂ ಹೊಡೆದವನೇ ಹೇಳಿಕೊಡಬೇಕೆ? ಒಡೆಯರ ಅವಸರದಲ್ಲಿ ಗೇಟಿನಲ್ಲಿ ಅಂದು ಯಾರೂ ಸೆರಗು ಕೊಡವಿಸಲಿಲ್ಲ.

ಸಭೆಯಲ್ಲಿ ಒಡೆಯರಿಗೆ ಮುಂದಿನ ಕುರ್ಚಿ, ಗಂಗೆಗೆ ಗೋಡೆ. ದಿಲ್ಲಿ ಸಾಹೇಬರ ಹಿಂದಿಯನ್ನು ಒಡೆಯರ ತಮ್ಮನ ಮಗ ಕಿಶೋರ ಕನ್ನಡ ಮಾಡಿ ಹೇಳುತ್ತಿದ್ದ. "ವಿಯೆಟ್ನಾಮೂ ನಮ್ಮ ಹಾಗೇ ಮೇಲೇಳುತ್ತಿರುವ ದೇಶ. ನಮ್ಮ ಔಷಧಿ, ಯಂತ್ರ ಅಲ್ಲಿಗೆ ಹೋಗಬೇಕಾದರೆ ಅವರದೂ ಏನಾದರೂ ಬರಬೇಕು. ಮಾತುಕತೆ ಅಂದಮೇಲೆ ನಾವೂ ಒಂದಿಷ್ಟು ಬಿಟ್ಟುಕೊಡಬೇಕು."

ಬಿಟ್ಟುಕೊಡುವ ಆ ಒಂದಿಷ್ಟು ತಾನೇ ಎಂಬುದು ಗಂಗೆಗೆ ಯಾರೂ ಬಿಡಿಸಿ ಹೇಳದೆ ಅರ್ಥವಾಯಿತು.

ಅವಳ ಹೆಸರು ಕರೆದರು. ಗಂಗೆ ಮೇಜಿನ ಹತ್ತಿರ ಹೋಗಿ, ಗಂಟು ಬಿಚ್ಚಿ, ಹನ್ನೊಂದು ವರ್ಷ ಕೊಡವಿದ ಹಾಗೆಯೇ ಸೆರಗು ಕೊಡವಿದಳು. ಕಾಳು ಪಟಪಟನೆ ಸಾಹೇಬರ ಫೈಲಿನ ಮೇಲೆ ಉದುರಿ ನೆಲಕ್ಕೆಲ್ಲ ಉರುಳಿತು.

"ಇದ್ರಲ್ಲಿ ನಂದೂ ಅದೆ, ಆ ದೇಶದವಳದ್ದೂ ಅದೆ. ಅಕಾ ನೋಡಿ, ಅವಳ ಕೂದಲು. ಕಲಸಿದ್ದು ನಾನು, ಕಲಸಿಸಿದ್ದು ಈ ಒಡೆಯರು. ಇಬ್ರ ಹೊಟ್ಟೆಗೂ ಹೊಡ್ದದ್ದು ಯಾರು ಸಾಹೇಬ್ರೆ?"

ಒಡೆಯರು ಕಿಶೋರನ ಕಡೆ ಬಾಗಿದರು. "ಅದು ಎಂತಾರೂ ಹೇಳ್ಲಿ, ನೀ ಕಾಗದದಲ್ಲಿದ್ದದ್ದೇ ಓದಾ ಕಿಶೋರಾ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. ಒಡೆಯರು ಮೊದಲೇ ಬರೆಸಿಟ್ಟಿದ್ದ ಕಾಗದವನ್ನು ಕಿಶೋರ ಹಿಂದಿಯಲ್ಲಿ ಓದಿದ. ಊರಿನ ಶುದ್ಧ ಮೆಣಸು ಕಾಣಿಕೆ ತಂದಿದ್ದಾಳೆ ಎಂದೂ ಸೇರಿಸಿರಬೇಕು. ಸಾಹೇಬರು ಒಂದು ಕಾಳು ಬಾಯಿಗೆ ಹಾಕಿಕೊಂಡು "ಬಹುತ್ ಬಢಿಯಾ" ಎಂದರು. ಸಭೆ ಚಪ್ಪಾಳೆ ತಟ್ಟಿತು.

"ಹೆಕ್ಕೇ ಅದನ್ನ!" ಎಂದರು ಒಡೆಯರು.

ಗಂಗೆ ಬಗ್ಗಲಿಲ್ಲ. ಆ ಬೆರಕೆ ಕಾಳು ಬೇರೆ ಯಾರ ಕೈಗೂ ಸಿಗುವುದು ಒಡೆಯರಿಗೆ ಬೇಡವಾಗಿತ್ತು. ಒಡೆಯರೇ ನಗುತ್ತ ನಗುತ್ತ ಮಂಡಿಯೂರಿ ಶಲ್ಯಕ್ಕೆ ಕಾಳು ಹೆಕ್ಕತೊಡಗಿದರು.

"ಒಡೆಯಾ," ಎಂದಳು ಗಂಗೆ, ಇಡೀ ಸಭೆಗೆ ಕೇಳುವಂತೆ, "ಗೇಟು ದಾಟೂ ಮೊದ್ಲು ಶಲ್ಯ ಕೊಡವಿ ತೋರ್ಸಿ."

ಕಾನಸೂರಿಗೆ ಅವಳ ಬಸ್ಸಿಗಿಂತ ಮೊದಲೇ ಫಾರೆಸ್ಟಿನ ಜೀಪು ಬಂದಿತ್ತು. ಕತ್ತಿ ಹಿಡಿದ ನಾಲ್ವರು ಇಳಿದು ನಿಂತಿದ್ದರು. ಕೆಲಸ ಕಳೆದುಕೊಂಡು ವಖಾರಿಯಿಂದ ಹೊರಬಿದ್ದ ಕೆರಿಯ ಮೊದಲ ಬಳ್ಳಿಯ ಮರವನ್ನು ತಬ್ಬಿ ಕೂತಿದ್ದ. ಅವನು ಬಯ್ಯಲಿಲ್ಲ. ಗಂಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡನೆಯ ಮರವನ್ನು ತಬ್ಬಿಕೊಂಡಳು. ಬಳ್ಳಿ ಅರವತ್ತಿದ್ದವು, ಅವರು ಇಬ್ಬರೇ ಇದ್ದರು.